ಪ್ರಾಚ್ಯವಸ್ತುಗಳು ಮೂಲದೇಶಕ್ಕೆ ಮರಳಬೇಕೇಕೆ? ಪದೇ ಪದೇ ಕೇಳುವ ಪ್ರಶ್ನೆಗಳು

ಬೇರೆ ದೇಶದಿಂದ ಬಂದ ವಸ್ತುಗಳೆಲ್ಲವೂ ವಾಪಸ್ ಹೋಗಬೇಕು ಎನ್ನುತ್ತೀರಾ?

ಇಲ್ಲ. ವ್ಯಾಪಾರದ ಸರಕಾಗಿ, ಕಾಣಿಕೆಯಾಗಿ, ಆಯಾ ಸರ್ಕಾರದ ಒಪ್ಪಿಗೆಯಿಂದ ನಡೆದ ಉತ್ಖನನದ ಪಾಲಾಗಿ ಗಡಿ ದಾಟಿದ ವಸ್ತುಗಳು ಲೆಕ್ಕವಿಲ್ಲದಷ್ಟಿವೆ. ಪಿಂಗಾಣಿ ಪಾತ್ರೆಯೊಂದನ್ನು ಮಾಡಿದವರೇ ಮಾರಾಟಕ್ಕೆಂದು ಹಡಗಿಗೆ ಹೇರಿದ್ದರೆ ಇಂದು ಅದನ್ನು ಮರಳಿ ಕೇಳುವುದರಲ್ಲಿ ಅರ್ಥವಿಲ್ಲ. ಮಾತು ಬರುವುದು ಸೈನ್ಯ ದೋಚಿದ್ದರ ಬಗ್ಗೆ, ಬೇಡ ಎನ್ನುವ ಅಧಿಕಾರವೇ ಇಲ್ಲದ ಜನರಿಂದ ಪಡೆದದ್ದರ ಬಗ್ಗೆ, ಕಳ್ಳರು ಗುಡಿ ಗೋರಿಗಳಿಂದ ಕಿತ್ತು ಮಾರಿದ್ದರ ಬಗ್ಗೆ. ವಸ್ತು ಈಗ ಎಲ್ಲಿದೆ ಎಂಬುದಕ್ಕಿಂತ ಅದು ಅಲ್ಲಿಗೆ ಹೇಗೆ ಹೋಯಿತು ಎಂದು ಮೊದಲು ಕೇಳಬೇಕು. ಉಳಿದ ಎಲ್ಲ ಉತ್ತರಗಳೂ ಆ ಒಂದು ಪ್ರಶ್ನೆಯಿಂದಲೇ ಹುಟ್ಟುತ್ತವೆ.

ಅದು ಇಲ್ಲಿದ್ದರೇನು, ಅಲ್ಲಿದ್ದರೇನು? ನೋಡುವವರಿಗೆ ಅದೇ ಶಿಲ್ಪವಲ್ಲವೇ?

ಕಾಂಬೋಡಿಯಾದ ಕೋ ಕೆರ್ ಎಂಬಲ್ಲಿ ಹತ್ತನೆಯ ಶತಮಾನದ ಪ್ರಸಾತ್ ಚೆನ್ ಎಂಬ ದೇವಾಲಯವಿದೆ. ಕಾಡಿನ ನಡುವಿನ ಆ ಅಂಗಳದಲ್ಲಿ ಶಿಲ್ಪಿಗಳು ಮಹಾಭಾರತದ ಗದಾಯುದ್ಧವನ್ನು ಆಳೆತ್ತರದ ಕಲ್ಲಿನ ಮೂರ್ತಿಗಳಲ್ಲಿ ನಿಲ್ಲಿಸಿದ್ದರು. ಭೀಮ ಮತ್ತು ದುರ್ಯೋಧನ ಎದುರುಬದುರು. ಸುತ್ತ ಕುಳಿತು ನೋಡುವ ಪಾಂಡವರು ಮತ್ತು ಬಲರಾಮ. ಒಬ್ಬೊಬ್ಬರೂ ಪ್ರತ್ಯೇಕ ಮೂರ್ತಿ, ಆದರೆ ಎಲ್ಲರೂ ಸೇರಿದರೇ ಆ ಪ್ರಸಂಗ.

ಅಂತರ್ಯುದ್ಧದ ಕಾಲದಲ್ಲಿ ಕಳ್ಳರು ಈ ಮೂರ್ತಿಗಳನ್ನು ಕಿತ್ತರು. ನಿಂತ ಮೂರ್ತಿಗಳು ಪೀಠದಿಂದ ಸುಲಭವಾಗಿ ಬಿಡದಿದ್ದಾಗ ಕಣಕಾಲಿನ ಬಳಿ ಒಡೆದರು. ದುರ್ಯೋಧನ 1975ರಲ್ಲಿ ಲಂಡನ್‌ನಲ್ಲಿ ಮಾರಾಟವಾದ. ಭೀಮ ಕ್ಯಾಲಿಫೋರ್ನಿಯಾದ ನಾರ್ಟನ್ ಸೈಮನ್ ವಸ್ತುಸಂಗ್ರಹಾಲಯ ಸೇರಿದ. ಕುಳಿತ ಮೂರ್ತಿಗಳಲ್ಲಿ ಎರಡು ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದ ಬಾಗಿಲಿನ ಇಕ್ಕೆಲಗಳಲ್ಲಿ ಕುಳಿತವು. ಕಾಡಿನಲ್ಲಿ ಉಳಿದದ್ದು ಪೀಠಗಳು ಮತ್ತು ಅವುಗಳ ಮೇಲೆ ಅಂಟಿಕೊಂಡಿದ್ದ ಪಾದಗಳು. 2011ರಲ್ಲಿ ನ್ಯೂಯಾರ್ಕ್‌ನಲ್ಲಿ ದುರ್ಯೋಧನನನ್ನು ಹರಾಜಿಗೆ ಇಟ್ಟಾಗ ಆ ಪಾದಗಳೇ ಸಾಕ್ಷಿ ಹೇಳಿದವು. ಹರಾಜು ನಿಂತಿತು, ಮೊಕದ್ದಮೆ ನಡೆಯಿತು, 2014ರಲ್ಲಿ ಮೂರ್ತಿ ಕಾಂಬೋಡಿಯಾಕ್ಕೆ ಮರಳಿತು. ಮೆಟ್ರೊಪಾಲಿಟನ್‌ನ ಎರಡು ಮೂರ್ತಿಗಳು ಅದಕ್ಕೂ ಮೊದಲೇ, 2013ರಲ್ಲಿ, ಹೊರಟಿದ್ದವು. ಭೀಮನೂ ಬಲರಾಮನೂ ಬಂದರು.

ಪಾದವಿಲ್ಲದ ದುರ್ಯೋಧನನನ್ನು ಅಮೆರಿಕದಲ್ಲಿ ನೋಡಿದವರಿಗೆ ಕಂಡದ್ದು ಬಲಿಷ್ಠ ಮೈಕಟ್ಟಿನ, ಕಾಂಬೋಡಿಯಾದ ಒಬ್ಬ ಖ್ಮೇರ್ ಯೋಧ, ಅಷ್ಟೆ. ಅವನು ಯಾರು, ಯಾರ ಹೊಡೆತಕ್ಕಾಗಿ ಕಾಯುತ್ತಿದ್ದಾನೆ, ಯಾರ ಕಣ್ಣೆದುರು ಸೋಲಲಿದ್ದಾನೆ ಎಂಬುದನ್ನು ಹೇಳುವ ಶಕ್ತಿ ಆ ಒಂಟಿ ಕಲ್ಲಿಗೆ ಇರಲಿಲ್ಲ. ನಾಮ್‌ಪೆನ್‌ನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಉಳಿದವರ ಜತೆ ಸೇರಿದ ಮೇಲೆಯೇ ಅವನು ಮತ್ತೆ ದುರ್ಯೋಧನನಾದ. ಮರಳಿಸುವುದರಿಂದ ಜ್ಞಾನಕ್ಕೆ ನಷ್ಟವೆಂದು ವಾದಿಸುವವರಿಗೆ ನಾನು ಮೊದಲು ಹೇಳುವುದು ಈ ಕಥೆಯನ್ನೇ.

ಇವೆಲ್ಲ ನೂರಿನ್ನೂರು ವರ್ಷ ಹಳೆಯ ಸಂಗತಿಗಳು. ಆ ಕಾಲದ ನೀತಿಯೇ ಬೇರೆ ಇತ್ತಲ್ಲವೇ?

ಆ ಕಾಲದ ನೀತಿ ಏನಿತ್ತು ಎಂದು ಆ ಕಾಲದವರನ್ನೇ ಕೇಳೋಣ. ನೆಪೋಲಿಯನ್ ಇಟಲಿಯಿಂದಲೂ ಇತರ ದೇಶಗಳಿಂದಲೂ ಕಲಾಕೃತಿಗಳನ್ನು ಪ್ಯಾರಿಸ್‌ಗೆ ಸಾಗಿಸಿದ್ದ. 1815ರಲ್ಲಿ ವಾಟರ್ಲೂ ಕದನದಲ್ಲಿ ಅವನು ಸೋತ ಬೆನ್ನಿಗೇ ಅವುಗಳಲ್ಲಿ ಬಹಳಷ್ಟನ್ನು ಮೂಲಸ್ಥಾನಗಳಿಗೆ ಕಳುಹಿಸಲಾಯಿತು. ವೆನಿಸ್‌ನ ಸೇಂಟ್ ಮಾರ್ಕ್ ಚರ್ಚಿನ ಕಂಚಿನ ಕುದುರೆಗಳು ಮರಳಿದ್ದು ಆಗಲೇ. ಹಾಗೆ ಮರಳಿಸುವುದೇ ನ್ಯಾಯ ಎಂದು ಗಟ್ಟಿಯಾಗಿ ವಾದಿಸಿದವರಲ್ಲಿ ಬ್ರಿಟನ್ನಿನ ಸೇನಾಪತಿ ವೆಲಿಂಗ್ಟನ್ ಕೂಡ ಇದ್ದ. ಮರುವರ್ಷ, 1816ರಲ್ಲಿ, ಅದೇ ಬ್ರಿಟನ್ನಿನ ಸಂಸತ್ತು ಅಥೆನ್ಸ್‌ನ ಪ್ರಾಚೀನ ದೇವಾಲಯ ಪಾರ್ಥೆನಾನ್‌ನಿಂದ ಕಿತ್ತು ತಂದ ಶಿಲ್ಪಗಳನ್ನು 35,000 ಪೌಂಡಿಗೆ ಕೊಂಡಿತು. ದೋಚಿದ್ದನ್ನು ಮರಳಿಸಬೇಕು ಎಂಬ ನೀತಿ ಆಗಲೇ ಇತ್ತು. ಅದನ್ನು ಯಾರಿಗೆ ಅನ್ವಯಿಸಬೇಕು, ಯಾರಿಗೆ ಬಿಡಬೇಕು ಎಂಬುದನ್ನು ಬಲವುಳ್ಳವರು ತೀರ್ಮಾನಿಸುತ್ತಿದ್ದರು.

ಕಾಲ ಕಳೆದ ಮಾತ್ರಕ್ಕೆ ನೋವು ಆರುತ್ತದೆ ಎನ್ನುವುದೂ ಸರಿಯಲ್ಲ. 1897ರ ಫೆಬ್ರವರಿಯಲ್ಲಿ ಬ್ರಿಟಿಷ್ ಸೇನೆ ಇಂದಿನ ನೈಜೀರಿಯಾದಲ್ಲಿರುವ ಬೆನಿನ್ ನಗರಕ್ಕೆ ನುಗ್ಗಿತು. ಹಿಂದಿನ ತಿಂಗಳು ಬ್ರಿಟಿಷ್ ತಂಡವೊಂದರ ಮೇಲೆ ನಡೆದ ದಾಳಿಗೆ ಇದು ಪ್ರತೀಕಾರ ಎಂದು ಕಾರಣ ಹೇಳಲಾಯಿತು. ಅರಮನೆ ಬೆಂಕಿಗೆ ಆಹುತಿಯಾಯಿತು. ಓಬಾ ಎಂದು ಕರೆಯುವ ಅಲ್ಲಿನ ಅರಸನನ್ನು ಕಲಬಾರ್‌ಗೆ ಗಡೀಪಾರು ಮಾಡಿದರು. ಸಾವಿರಾರು ಲೋಹದ ಫಲಕಗಳು, ತಲೆಗಳು, ದಂತದ ಕೆತ್ತನೆಗಳು ಯುರೋಪಿನ ಮಾರುಕಟ್ಟೆಗೆ ಬಂದವು; ಇವನ್ನೇ ಬೆನಿನ್ ಕಂಚುಗಳು ಎನ್ನುತ್ತಾರೆ. ಅವನ್ನು ಎರಕ ಹೊಯ್ದ ಕುಶಲಕರ್ಮಿಗಳ ವಂಶಸ್ಥರು ಇಂದಿಗೂ ಬೆನಿನ್ ನಗರದ ಇಗುನ್ ಬೀದಿಯಲ್ಲಿ ಎರಕ ಹೊಯ್ಯುತ್ತಿದ್ದಾರೆ. ಓಬಾನ ಪೀಠ ಇಂದಿಗೂ ಇದೆ. ಇವರಿಗೆ ಅದು ಹಳೆಯ ಪುಸ್ತಕದ ಕಥೆಯಲ್ಲ, ತಮ್ಮ ಮನೆಯ ಗೋಡೆಯಿಂದ ಹೋದ ವಸ್ತು.

ಆದರೆ ಕೆಲವನ್ನು ಕಾನೂನುಬದ್ಧವಾಗಿಯೇ ಪಡೆದಿದ್ದರಲ್ಲ?

ಕಾಗದ ಇತ್ತು ಎನ್ನುವುದಕ್ಕೂ ಒಪ್ಪಿಗೆ ಇತ್ತು ಎನ್ನುವುದಕ್ಕೂ ಬಹಳ ದೂರ. ಬ್ರಿಟನ್ನಿನ ರಾಯಭಾರಿ ಎಲ್ಗಿನ್ ಪ್ರಭು ಪಾರ್ಥೆನಾನ್‌ನ ಶಿಲ್ಪಗಳನ್ನು ತೆಗೆಸಲು ಆರಂಭಿಸಿದ್ದು 1801ರಲ್ಲಿ. ಅನುಮತಿ ಕೊಟ್ಟದ್ದು ಆಗ ಗ್ರೀಸನ್ನು ಆಳುತ್ತಿದ್ದ ಆಟೊಮನ್ ಆಡಳಿತ ಎನ್ನುತ್ತಾರೆ. ಅಂದರೆ ಒಬ್ಬ ಆಕ್ರಮಣಕಾರನಿಂದ ಇನ್ನೊಂದು ಸಾಮ್ರಾಜ್ಯದ ರಾಯಭಾರಿ ಪಡೆದ ಅನುಮತಿ. ಅದರ ಮೂಲಪತ್ರವೂ ಸಿಕ್ಕಿಲ್ಲ, ಸಿಕ್ಕಿರುವುದು ಒಂದು ಇಟಾಲಿಯನ್ ಅನುವಾದ ಮಾತ್ರ. ಅಂಥ ಅನುಮತಿಯ ದಾಖಲೆ ತಮಗೆ ತಿಳಿದಂತೆ ಇಲ್ಲವೆಂದು 2024ರಲ್ಲಿ ಯುನೆಸ್ಕೊ ಸಭೆಯಲ್ಲಿ ಟರ್ಕಿಯ ಪ್ರತಿನಿಧಿಯೇ ಹೇಳಿದರು.

ಕೊಹಿನೂರ್ ವಜ್ರಕ್ಕೂ ಒಪ್ಪಂದ ಇದೆ. 1849ರ ಲಾಹೋರ್ ಒಪ್ಪಂದದಲ್ಲಿ ಅದನ್ನು ವಿಕ್ಟೋರಿಯಾ ರಾಣಿಗೆ ಒಪ್ಪಿಸುವ ಷರತ್ತಿದೆ. ಒಪ್ಪಿಸಬೇಕಾದ ಮಹಾರಾಜ ದುಲೀಪ್ ಸಿಂಗ್‌ಗೆ ಆಗ ಹತ್ತು ವರ್ಷ. ರಾಜ್ಯ ಸೋತಿತ್ತು, ತಾಯಿಯನ್ನು ಮಗನಿಂದ ಬೇರೆ ಮಾಡಿದ್ದರು. ವಜ್ರ ಇಂದು ಯಾವ ದೇಶಕ್ಕೆ ಸೇರಬೇಕು ಎಂಬ ಜಗಳ ದೊಡ್ಡದು, ಭಾರತವೊಂದೇ ಅದನ್ನು ಕೇಳುತ್ತಿಲ್ಲ. ಆದರೆ ಆ ಬಾಲಕನ ಸಹಿಯನ್ನು ಮುಂದಿಟ್ಟು ಅದನ್ನು ಉಡುಗೊರೆ ಎನ್ನುವುದನ್ನು ನನ್ನ ಮನಸ್ಸು ಯಾವತ್ತೂ ಒಪ್ಪಿಲ್ಲ.

ದೊಡ್ಡ ವಸ್ತುಸಂಗ್ರಹಾಲಯಗಳಲ್ಲಿ ಇದ್ದುದರಿಂದಲೇ ಇವು ಉಳಿದವು ಎನ್ನುತ್ತಾರೆ.

ಕೆಲವು ಉಳಿದಿವೆ, ಅದನ್ನು ಅಲ್ಲಗಳೆಯುವುದಿಲ್ಲ. ಕಾಳಜಿಯಿಂದ ಕಾಪಾಡಿದ, ಬದುಕಿಡೀ ಒಂದೇ ಶಾಸನವನ್ನು ಓದಲು ದುಡಿದ ವಿದ್ವಾಂಸರಿಗೆ ಕೃತಜ್ಞತೆ ಸಲ್ಲಲೇಬೇಕು. ಆದರೆ ಯುರೋಪ್ ಎಂದರೆ ಸುರಕ್ಷಿತ ಎಂಬುದು ಇತಿಹಾಸಕ್ಕೆ ಹೊಂದುವುದಿಲ್ಲ. ಮಧ್ಯ ಏಷ್ಯಾದ ಬೆಜೆಕ್ಲಿಕ್ ಗುಹೆಗಳ ಬೌದ್ಧ ಭಿತ್ತಿಚಿತ್ರಗಳನ್ನು ಜರ್ಮನ್ ತಂಡಗಳು ಗೋಡೆಯಿಂದ ಕೊಯ್ದು ಬರ್ಲಿನ್‌ಗೆ ಸಾಗಿಸಿದವು. ಅತಿ ದೊಡ್ಡ ಚಿತ್ರಗಳನ್ನು ಅಲ್ಲಿನ ವಸ್ತುಸಂಗ್ರಹಾಲಯದ ಗೋಡೆಗೇ ಭದ್ರವಾಗಿ ಕೂರಿಸಿದ್ದರು. ಎರಡನೇ ಮಹಾಯುದ್ಧದ ಬಾಂಬ್ ದಾಳಿಯಲ್ಲಿ ಅವನ್ನು ತೆಗೆದು ಸಾಗಿಸಲಾಗದೆ ಪುಡಿಯಾದವು. ಮರುಭೂಮಿಯ ಗುಹೆಯಲ್ಲಿ ಸಾವಿರ ವರ್ಷ ಬಾಳಿದ್ದು ಬರ್ಲಿನ್‌ನಲ್ಲಿ ನಾಲ್ಕು ದಶಕವೂ ಬಾಳಲಿಲ್ಲ.

ಪಾರ್ಥೆನಾನ್‌ನ ಶಿಲ್ಪಗಳನ್ನು 1930ರ ದಶಕದಲ್ಲಿ ಬ್ರಿಟಿಷ್ ಮ್ಯೂಸಿಯಂನಲ್ಲಿ ಬೆಳ್ಳಗೆ ಕಾಣಿಸಲೆಂದು ಲೋಹದ ಸಲಕರಣೆಗಳಿಂದ ಉಜ್ಜಿ ಅವುಗಳ ಮೇಲ್ಮೈಗೆ ಹಾನಿ ಮಾಡಿದರು. 2023ರಲ್ಲಿ ಅದೇ ಸಂಸ್ಥೆಯಿಂದ ಸುಮಾರು 2,000 ವಸ್ತುಗಳು ಕಳುವಾಗಿವೆ, ಕಾಣೆಯಾಗಿವೆ ಅಥವಾ ಹಾಳಾಗಿವೆ ಎಂಬುದು ಬಯಲಾಗಿ ನಿರ್ದೇಶಕರು ರಾಜೀನಾಮೆ ಕೊಟ್ಟರು. ಕಳವಾದ ಅನೇಕ ಹರಳುಗಳಿಗೆ ಸರಿಯಾದ ಪಟ್ಟಿಯೇ ಇರಲಿಲ್ಲ.

ಮರಳಿಸಿದ ಮೇಲೆ ಅಲ್ಲಿಯೇ ಕಳವಾದರೆ?

ಆಗಿದೆ, ಅದನ್ನು ಮುಚ್ಚಿಡಬಾರದು. ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯ 1993ರಲ್ಲಿ ಇಂದಿನ ಟರ್ಕಿಯಲ್ಲಿದ್ದ ಪ್ರಾಚೀನ ಲಿಡಿಯಾ ರಾಜ್ಯದ ನಿಧಿಯನ್ನು ಆ ದೇಶಕ್ಕೆ ಮರಳಿಸಿತು. ಅದರ ಅತಿ ಸುಂದರವಾದ ಚಿನ್ನದ ಒಡವೆಯನ್ನು ಉಷಾಕ್ ಊರಿನ ವಸ್ತುಸಂಗ್ರಹಾಲಯದಲ್ಲಿ ಯಾರೋ ತೆಗೆದು ನಕಲಿ ಇಟ್ಟಿರುವುದು 2006ರಲ್ಲಿ ಗೊತ್ತಾಯಿತು. ಅಲ್ಲಿನ ನಿರ್ದೇಶಕನಿಗೇ ಶಿಕ್ಷೆಯಾಯಿತು. ಮುಂದೆ ಆ ಒಡವೆ ಜರ್ಮನಿಯಲ್ಲಿ ಸಿಕ್ಕಿ ಟರ್ಕಿಗೆ ಬಂತು.

ಇದರಿಂದ ಕಲಿಯಬೇಕಾದದ್ದು ಬೀಗ, ಪಟ್ಟಿ, ಸಿಬ್ಬಂದಿ, ಹಣ ಎಲ್ಲ ಕಡೆಯೂ ಬೇಕು ಎಂಬುದನ್ನು. ನೆರೆಯವನ ಮನೆಗೆ ಕಳ್ಳ ನುಗ್ಗಬಹುದು ಎಂಬ ಕಾರಣಕ್ಕೆ ಅವನ ಒಡವೆಯನ್ನು ನಾನು ಇಟ್ಟುಕೊಳ್ಳಲು ಬರುವುದಿಲ್ಲ. ಯುದ್ಧ ನಡೆಯುತ್ತಿರುವ ದೇಶಕ್ಕೆ ನಾಳೆಯೇ ಕಳುಹಿಸಿ ಎಂದು ಯಾರೂ ಕೇಳುತ್ತಿಲ್ಲ; ಒಡೆತನವನ್ನು ಇಂದೇ ಒಪ್ಪಿಕೊಂಡು, ವಸ್ತುವನ್ನು ಇಬ್ಬರೂ ಸೇರಿ ತಕ್ಕ ಸಮಯದಲ್ಲಿ ಸಾಗಿಸಬಹುದು.

ಇಡೀ ಜಗತ್ತನ್ನು ಒಂದೇ ಸೂರಿನಡಿ ನೋಡುವ ಅವಕಾಶ ತಪ್ಪುವುದಿಲ್ಲವೇ?

ಈ ವಾದದಲ್ಲಿ ಸೊಗಸಿದೆ. ಈಜಿಪ್ಟಿನ ಕಲ್ಲನ್ನೂ ಅಸ್ಸೀರಿಯಾದ ಕಲ್ಲನ್ನೂ ಒಂದೇ ಮಧ್ಯಾಹ್ನದಲ್ಲಿ ಪಕ್ಕಪಕ್ಕದಲ್ಲಿ ನೋಡಿದರೆ ಮನಸ್ಸು ಹಿಗ್ಗುತ್ತದೆ ಎನ್ನುವುದು ನಿಜ. ಆದರೆ ಆ ಮಧ್ಯಾಹ್ನ ಯಾರಿಗೆ ದಕ್ಕುತ್ತದೆ? ತನ್ನ ಅಜ್ಜಂದಿರು ಎರಕ ಹೊಯ್ದದ್ದನ್ನು ನೋಡಲು ಬೆನಿನ್ ನಗರದ ಹುಡುಗಿ ವೀಸಾಕ್ಕೆ ಅರ್ಜಿ ಹಾಕಬೇಕು, ವಿಮಾನದ ಹಣ ಹೊಂದಿಸಬೇಕು. ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಸುಮಾರು 80 ಲಕ್ಷ ವಸ್ತುಗಳಲ್ಲಿ ಒಮ್ಮೆಗೆ ಪ್ರದರ್ಶನದಲ್ಲಿರುವುದು 80,000 ಮಾತ್ರ, ನೂರಕ್ಕೆ ಒಂದು.

ಅಲ್ಲಿಯೇ ಇಥಿಯೋಪಿಯಾದ ಹನ್ನೊಂದು ತಾಬೊತ್‌ಗಳಿವೆ. ತಾಬೊತ್ ಎಂದರೆ ಅಲ್ಲಿನ ಚರ್ಚಿನ ಗರ್ಭಗುಡಿಯಲ್ಲಿಡುವ ಪವಿತ್ರ ಫಲಕ, ಅರ್ಚಕರಲ್ಲದೆ ಬೇರೆ ಯಾರೂ ನೋಡುವಂತಿಲ್ಲ. 1868ರಲ್ಲಿ ಮಕ್ದಲಾ ಕೋಟೆಯನ್ನು ಗೆದ್ದ ಬ್ರಿಟಿಷ್ ಸೇನೆ ಲೂಟಿಯನ್ನು ಹದಿನೈದು ಆನೆ ಮತ್ತು ಸುಮಾರು ಇನ್ನೂರು ಹೇಸರಗತ್ತೆಗಳ ಮೇಲೆ ಹೇರಿ ತಂದಿತು. ಆ ನಂಬಿಕೆಗೆ ಗೌರವ ಕೊಟ್ಟು ಮ್ಯೂಸಿಯಂ ಇವನ್ನು ಮುಚ್ಚಿದ ಕೋಣೆಯಲ್ಲಿ ಇಟ್ಟಿದೆ; ಅಲ್ಲಿನ ಸಿಬ್ಬಂದಿಯೂ ನೋಡುವುದಿಲ್ಲ. ಯಾರೂ ನೋಡದ, ಅಧ್ಯಯನ ಮಾಡದ, ಪೂಜಿಸದ ವಸ್ತುವನ್ನು ಲಂಡನ್‌ನಲ್ಲಿ ಇಟ್ಟುಕೊಂಡಿರುವುದು ಯಾರಿಗಾಗಿ? ಎಡಿನ್‌ಬರೊದ ಚರ್ಚೊಂದರ ಕಪಾಟಿನಲ್ಲಿ ಇಂಥದೇ ಒಂದು ತಾಬೊತ್ ಸಿಕ್ಕಾಗ ಅವರು ಅದನ್ನು 2002ರಲ್ಲಿ ಮರಳಿಸಿದರು. ಆಡಿಸ್ ಅಬಾಬದ ಬೀದಿಗಳಲ್ಲಿ ಜನಸಾಗರವೇ ನೆರೆದು ಬರಮಾಡಿಕೊಂಡಿತು.

ಒಂದನ್ನು ಕೊಟ್ಟರೆ ಎಲ್ಲರೂ ಕೇಳುತ್ತಾರೆ, ವಸ್ತುಸಂಗ್ರಹಾಲಯಗಳೇ ಬರಿದಾಗುತ್ತವೆ ಎಂಬ ಭಯಕ್ಕೆ ಏನು ಹೇಳುತ್ತೀರಿ?

ಕೊಟ್ಟವರು ಯಾರೂ ಬರಿದಾಗಿಲ್ಲ. ಐಸ್‌ಲ್ಯಾಂಡ್ ತನ್ನ ಮಧ್ಯಯುಗದ ಹಸ್ತಪ್ರತಿಗಳನ್ನು ತನ್ನನ್ನು ಆಳಿದ್ದ ಡೆನ್ಮಾರ್ಕಿನಿಂದ ದಶಕಗಳ ಕಾಲ ಕೇಳಿತು. ಡೆನ್ಮಾರ್ಕಿನಲ್ಲಿ ಸಂಸತ್ತಿನಲ್ಲೂ ನ್ಯಾಯಾಲಯದಲ್ಲೂ ಜಗಳ ನಡೆಯಿತು. ಕೊನೆಗೆ 1971ರ ಏಪ್ರಿಲ್‌ನಲ್ಲಿ ಡೆನ್ಮಾರ್ಕಿನ ನೌಕಾಪಡೆಯ ಹಡಗೇ ಮೊದಲ ಎರಡು ಹಸ್ತಪ್ರತಿಗಳನ್ನು ರೇಕ್ಯಾವಿಕ್ ಬಂದರಿಗೆ ತಂದಿತು. ಬಂದರಿನಲ್ಲಿ ಸಾವಿರಾರು ಜನ ಕಾಯುತ್ತಿದ್ದರು. ಕೊಡುವ ಕೆಲಸ 1997ರವರೆಗೂ ನಿಧಾನವಾಗಿ, ಒಂದೊಂದನ್ನೂ ಪರಿಶೀಲಿಸಿ ನಡೆಯಿತು. ಸಂಗ್ರಹದ ಗಣನೀಯ ಪಾಲು ಕೋಪನ್‌ಹೇಗನ್‌ನಲ್ಲೇ ಉಳಿಯಿತು. ಎರಡೂ ಕಡೆಯ ವಿದ್ವಾಂಸರು ಇಂದಿಗೂ ಜತೆಯಾಗಿ ಕೆಲಸ ಮಾಡುತ್ತಾರೆ.

ಜರ್ಮನಿ 2022ರಲ್ಲಿ ತನ್ನ ವಸ್ತುಸಂಗ್ರಹಾಲಯಗಳಲ್ಲಿದ್ದ ಸಾವಿರಕ್ಕೂ ಹೆಚ್ಚು ಬೆನಿನ್ ಕಂಚುಗಳ ಒಡೆತನವನ್ನು ನೈಜೀರಿಯಾಕ್ಕೆ ಬರೆದುಕೊಟ್ಟಿತು. ಅದೇ ಡಿಸೆಂಬರ್‌ನಲ್ಲಿ 20 ವಸ್ತುಗಳು ಹೊರಟವು. ಬರ್ಲಿನ್‌ನಲ್ಲಿದ್ದವುಗಳಲ್ಲಿ ಸುಮಾರು ಮೂರನೇ ಒಂದು ಭಾಗ ನೈಜೀರಿಯಾದ ಒಪ್ಪಿಗೆಯಿಂದ, ಸಾಲದ ರೂಪದಲ್ಲಿ, ಅಲ್ಲಿಯೇ ಪ್ರದರ್ಶನದಲ್ಲಿವೆ. ಒಡೆಯ ಯಾರೆಂದು ಒಪ್ಪಿಕೊಂಡ ಮೇಲೆ ಮಾತುಕತೆ ಎಷ್ಟು ಹಗುರವಾಗುತ್ತದೆ ನೋಡಿ.

ಶಾಶ್ವತವಾಗಿ ಕೊಡುವ ಬದಲು ಸಾಲವಾಗಿ ಕೊಟ್ಟರೆ ಸಾಲದೇ?

ಏನೂ ಇಲ್ಲದಿರುವುದಕ್ಕಿಂತ ಮೇಲು. 1874ರಲ್ಲಿ ಇಂದಿನ ಘಾನಾದ ಅಸಾಂಟೆ ಅರಸರ ಅರಮನೆಯಿಂದ ಲೂಟಿಯಾದ ಚಿನ್ನದ ವಸ್ತುಗಳು 2024ರಲ್ಲಿ ಲಂಡನ್‌ನಿಂದ ಘಾನಾದ ಕುಮಾಸಿಗೆ ಬಂದದ್ದು ಸಾಲವಾಗಿಯೇ. ಅದೇ ವರ್ಷ ಲಾಸ್ ಏಂಜಲೀಸ್‌ನ ಫೌಲರ್ ವಸ್ತುಸಂಗ್ರಹಾಲಯ ತನ್ನಲ್ಲಿದ್ದ ಏಳು ಅಸಾಂಟೆ ವಸ್ತುಗಳನ್ನು ಯಾವ ಷರತ್ತೂ ಇಲ್ಲದೆ ಒಪ್ಪಿಸಿತು. ತನ್ನದನ್ನೇ ಸಾಲ ಪಡೆದು, ಅವಧಿ ಮುಗಿದಾಗ ಕಟ್ಟಿ ಕಳುಹಿಸುವ ಪ್ರಸಂಗ ಯಾರಿಗೂ ಬರಬಾರದು.

ಹಾಗಾದರೆ ಬ್ರಿಟನ್ ಏಕೆ ಕೊಡುತ್ತಿಲ್ಲ?

ಬ್ರಿಟನ್ನಿನ ಎಲ್ಲರೂ ಹಾಗಿಲ್ಲ. ಕೇಂಬ್ರಿಜ್‌ನ ಜೀಸಸ್ ಕಾಲೇಜು ಮತ್ತು ಅಬರ್ಡೀನ್ ವಿಶ್ವವಿದ್ಯಾಲಯ 2021ರಲ್ಲಿ ತಮ್ಮಲ್ಲಿದ್ದ ಬೆನಿನ್ ಕಂಚುಗಳನ್ನು ಒಪ್ಪಿಸಿದವು. ಲಂಡನ್‌ನ ಹಾರ್ನಿಮನ್ ವಸ್ತುಸಂಗ್ರಹಾಲಯ 2022ರಲ್ಲಿ 72 ವಸ್ತುಗಳ ಒಡೆತನ ಬಿಟ್ಟುಕೊಟ್ಟಿತು. ಬ್ರಿಟಿಷ್ ಮ್ಯೂಸಿಯಂಗೆ ಮಾತ್ರ 1963ರ ಕಾಯ್ದೆ ಅಡ್ಡ ಬರುತ್ತದೆ: ಕೆಲವೇ ಸಂದರ್ಭಗಳನ್ನು ಬಿಟ್ಟು ಸಂಗ್ರಹದ ವಸ್ತುವನ್ನು ಪರಭಾರೆ ಮಾಡುವಂತಿಲ್ಲ. ಆದರೆ ಕಾಯ್ದೆ ಮಾಡಿದ ಸಂಸತ್ತೇ ಅದನ್ನು ತಿದ್ದಬಲ್ಲದು. ನಾಜಿಗಳು ಯಹೂದ್ಯರಿಂದ ಕಿತ್ತ ವಸ್ತುಗಳನ್ನು ಮರಳಿಸಲೆಂದು 2009ರಲ್ಲಿ ಪ್ರತ್ಯೇಕ ಕಾಯ್ದೆ ತಂದದ್ದೂ ಅದೇ ಸಂಸತ್ತು. ಅಂದು ಆದದ್ದು ಇಂದೂ ಆಗಬಹುದು.

ಅಂತರರಾಷ್ಟ್ರೀಯ ಕಾನೂನು ಏನು ಹೇಳುತ್ತದೆ?

ಸಾಂಸ್ಕೃತಿಕ ಆಸ್ತಿಯ ಅಕ್ರಮ ಸಾಗಣೆಯನ್ನು ತಡೆಯುವ ಯುನೆಸ್ಕೊ ಒಪ್ಪಂದ 1970ರದು. ಅದು ಹಿಂದಿನ ಕಾಲಕ್ಕೆ ಅನ್ವಯಿಸುವುದಿಲ್ಲ. ಹಾಗಾಗಿ ವಸಾಹತು ಕಾಲದ ಲೂಟಿಗೆ ಅದರಲ್ಲಿ ದಾರಿಯಿಲ್ಲ, ಅದಕ್ಕೆ ಉಳಿಯುವುದು ಮಾತುಕತೆ ಮತ್ತು ಸಾರ್ವಜನಿಕ ಒತ್ತಡ. ಫ್ರಾನ್ಸ್ 2020ರಲ್ಲಿ ವಿಶೇಷ ಕಾಯ್ದೆ ಮಾಡಿ, ಅಬೊಮೆ ಅರಮನೆಯಿಂದ 1892ರಲ್ಲಿ ಒಯ್ದಿದ್ದ 26 ವಸ್ತುಗಳನ್ನು ಮರುವರ್ಷ ಬೆನಿನ್ ಗಣರಾಜ್ಯಕ್ಕೆ ಕಳುಹಿಸಿದ್ದು ಈ ದಾರಿಯಲ್ಲೇ. (ಈ ಗಣರಾಜ್ಯ ಬೇರೆ, ನೈಜೀರಿಯಾದೊಳಗಿನ ಬೆನಿನ್ ರಾಜ್ಯ ಬೇರೆ; ಹೆಸರು ಒಂದೇ ಆದ್ದರಿಂದ ಗೊಂದಲ ಸಹಜ.)

ಪೂಜೆಯಲ್ಲಿದ್ದ ಮೂರ್ತಿಗಳ ವಿಷಯ ಬೇರೆಯೇ?

ಬೇರೆಯೇ. ತಮಿಳುನಾಡಿನ ಪತ್ತೂರಿನಲ್ಲಿ 1976ರಲ್ಲಿ ಕೊಟ್ಟಿಗೆಗೆ ಅಡಿಪಾಯ ಅಗೆಯುತ್ತಿದ್ದ ಕೂಲಿಕಾರನೊಬ್ಬನಿಗೆ ಕಂಚಿನ ನಟರಾಜ ಸಿಕ್ಕಿತು. ಕೈಯಿಂದ ಕೈಗೆ ಸಾಗಿ ಅದು ಲಂಡನ್ ತಲುಪಿತು, ಕೆನಡಾದ ಕಂಪನಿಯೊಂದು ಕೊಂಡಿತು. ಮೊಕದ್ದಮೆಯಲ್ಲಿ ಲಂಡನ್‌ನ ನ್ಯಾಯಾಲಯ, ಪಾಳುಬಿದ್ದ ಆ ಶಿವಾಲಯವೇ ತನ್ನ ಪ್ರತಿನಿಧಿಯ ಮೂಲಕ ಕಕ್ಷಿದಾರನಾಗಿ ಮೂರ್ತಿಯನ್ನು ಕೇಳಬಹುದು ಎಂದು ಒಪ್ಪಿತು. ಪೂಜೆ ನಿಂತು ಶತಮಾನಗಳಾದರೂ ದೇವಾಲಯದ ಹಕ್ಕು ಅಳಿಯುವುದಿಲ್ಲ ಎಂಬ ಮಾತನ್ನು ಪಶ್ಚಿಮದ ನ್ಯಾಯಪೀಠವೊಂದು ಎತ್ತಿಹಿಡಿದದ್ದು ಸಣ್ಣ ಸಂಗತಿಯಲ್ಲ. 1991ರಲ್ಲಿ ನಟರಾಜ ಮರಳಿದ.

ಇಲ್ಲೊಂದು ಕೊರಗನ್ನೂ ಹೇಳಬೇಕು. ಹೀಗೆ ಬಂದ ಮೂರ್ತಿಗಳಲ್ಲಿ ಹಲವು ಗರ್ಭಗುಡಿ ಸೇರದೆ ಸರ್ಕಾರದ ಭದ್ರ ಕೋಣೆಗಳಲ್ಲಿವೆ. ಕಳ್ಳರ ಭಯ ಅರ್ಥವಾಗುತ್ತದೆ. ಆದರೂ ಗುಡಿಗೆ ಕಾವಲು ಒದಗಿಸಿ ಮೂರ್ತಿಯನ್ನು ಅದರ ಜನರ ಕಣ್ಣೆದುರಿಗೆ ತರುವವರೆಗೆ ಕೆಲಸ ಮುಗಿದಂತಲ್ಲ.

ಮರಳಿಸುವುದು ಯಾರಿಗೆ? ಸರ್ಕಾರಕ್ಕೋ, ಸಮುದಾಯಕ್ಕೋ?

ಇದು ನಿಜವಾಗಿಯೂ ಕಷ್ಟದ ಪ್ರಶ್ನೆ. ಬೆನಿನ್ ಕಂಚುಗಳ ಒಡೆಯ ಓಬಾ ಎಂದು ನೈಜೀರಿಯಾದ ಅಧ್ಯಕ್ಷರು 2023ರಲ್ಲಿ ಆದೇಶ ಹೊರಡಿಸಿದಾಗ, ಇವು ಸಾರ್ವಜನಿಕರಿಗೆ ಕಾಣುತ್ತವೆಯೇ ಎಂದು ಯುರೋಪಿನಲ್ಲಿ ಗುಲ್ಲೆದ್ದಿತು. ನನ್ನ ಅಭಿಪ್ರಾಯ ಇಷ್ಟು: ಅರಮನೆ, ರಾಜ್ಯ, ರಾಷ್ಟ್ರ ಇವುಗಳ ನಡುವಿನ ಪಾಲಿನ ಮಾತು ಅವರ ಮನೆಯ ಮಾತು. ಅದು ಬಗೆಹರಿಯುವ ತನಕ ತಾನೇ ಇಟ್ಟುಕೊಳ್ಳುತ್ತೇನೆ ಎನ್ನುವ ಹಕ್ಕು ಒಯ್ದವನಿಗೆ ಇಲ್ಲ.

ನಕಲು ಸಾಕಾಗುವುದಿಲ್ಲವೇ?

ನಕಲು ಸಾಕಾಗುವುದಾದರೆ ಅದನ್ನು ಒಯ್ದವರೇ ಇಟ್ಟುಕೊಳ್ಳಲಿ. ಕೆನಡಾದ ಹೈಸ್ಲಾ ಜನ ಸ್ವೀಡನ್‌ನಲ್ಲಿದ್ದ ತಮ್ಮ ಕುಲಸ್ತಂಭವನ್ನು ಕೇಳಿದಾಗ, ಹೊಸದೊಂದನ್ನು ಕೆತ್ತಿ ಸ್ವೀಡನ್‌ಗೆ ಕೊಟ್ಟು ಹಳೆಯದನ್ನು 2006ರಲ್ಲಿ ಮನೆಗೆ ಒಯ್ದರು. ಅಥೆನ್ಸ್‌ನಲ್ಲಿ 2009ರಲ್ಲಿ ತೆರೆದ ಅಕ್ರೊಪೊಲಿಸ್ ವಸ್ತುಸಂಗ್ರಹಾಲಯದ ಮೇಲಂತಸ್ತಿನಲ್ಲಿ ಮೂಲ ಶಿಲ್ಪಗಳ ನಡುವೆ ಬಿಳಿ ಗಾರೆಯ ಅಚ್ಚುಗಳಿವೆ. ಲಂಡನ್‌ನಲ್ಲಿ ಇರುವುದರ ಜಾಗ ತುಂಬಲು ಅವು ಅಲ್ಲಿವೆ. ಪೊಸೈಡನ್ ದೇವನ ಮುಂಡದ ಒಂದು ಭಾಗ ಅಲ್ಲಿದೆ, ಇನ್ನೊಂದು ಭಾಗ ಲಂಡನ್‌ನಲ್ಲಿ. ಕಿಟಕಿಯಾಚೆ ಬೆಟ್ಟದ ಮೇಲೆ ಪಾರ್ಥೆನಾನ್ ಕಾಣುತ್ತದೆ.

ಈ ಕಳ್ಳತನ ಇಂದಿಗೂ ನಡೆಯುತ್ತಿದೆಯೇ? ಸಾಮಾನ್ಯರು ಏನು ಮಾಡಬಹುದು?

ನಡೆಯುತ್ತಿದೆ. ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ಯಾಲರಿ 2008ರಲ್ಲಿ ಸುಮಾರು 50 ಲಕ್ಷ ಅಮೆರಿಕನ್ ಡಾಲರ್ ಕೊಟ್ಟು ಕೊಂಡ ನಟರಾಜ ತಮಿಳುನಾಡಿನ ಶ್ರೀಪುರಂತನ್ ದೇವಾಲಯದ್ದು. 2014ರಲ್ಲಿ ಅದನ್ನು ಅಲ್ಲಿನ ಪ್ರಧಾನಿಯೇ ತಂದೊಪ್ಪಿಸಿದರು. ಮೆಟ್ರೊಪಾಲಿಟನ್ 2017ರಲ್ಲಿ ಕೊಂಡ ಈಜಿಪ್ಟಿನ ಅರ್ಚಕನೊಬ್ಬನ ಚಿನ್ನಲೇಪಿತ ಶವಪೆಟ್ಟಿಗೆಗೆ 1971ರ ರಫ್ತು ಪರವಾನಗಿ ಎಂದು ತೋರಿಸಿದ್ದು ನಕಲಿ ಕಾಗದ. ಎರಡೇ ವರ್ಷದಲ್ಲಿ ಅದನ್ನು ಮರಳಿಸಬೇಕಾಯಿತು.

ಇಂಥ ಪ್ರಕರಣಗಳಲ್ಲಿ ಗೆಲುವು ತರುವುದು ಹಳೆಯ ಫೋಟೊ. ಪುದುಚೇರಿಯ ಫ್ರೆಂಚ್ ಸಂಸ್ಥೆ ದಶಕಗಳ ಹಿಂದೆ ದೇವಾಲಯಗಳಲ್ಲಿ ತೆಗೆದಿಟ್ಟ ಚಿತ್ರಗಳು ಎಷ್ಟೋ ಮೂರ್ತಿಗಳನ್ನು ಗುರುತಿಸಿಕೊಟ್ಟಿವೆ. ಮೂರ್ತಿಯ ಬೆರಳಿನ ಬಿರುಕು, ಪೀಠದ ಮೂಲೆಯ ಸವೆತ, ಪ್ರಭಾವಳಿಯಲ್ಲಿ ಮುರಿದ ಒಂದು ಜ್ವಾಲೆ, ಇವನ್ನು ಯಾವ ಕಳ್ಳನೂ ಸುಲಭವಾಗಿ ಅಳಿಸಲಾರ. ಆದ್ದರಿಂದ ನಿಮಗೆ ಗೊತ್ತಿರುವ ಹಳೆಯ ಗುಡಿ, ಬಸದಿ, ವೀರಗಲ್ಲು, ಮಠದ ಮೂರ್ತಿಗಳನ್ನು ಅಲ್ಲಿನವರ ಒಪ್ಪಿಗೆ ಪಡೆದು ನಾಲ್ಕೂ ಕಡೆಯಿಂದ ಚಿತ್ರ ತೆಗೆದಿಡಿ, ಎತ್ತರ ಅಳೆಯಿರಿ, ತಾರೀಖು ಬರೆಯಿರಿ, ಒಂದು ಪ್ರತಿಯನ್ನು ಪುರಾತತ್ವ ಇಲಾಖೆಗೆ ಕೊಡಿ. ವಿದೇಶದ ವಸ್ತುಸಂಗ್ರಹಾಲಯಕ್ಕೆ ಹೋದಾಗ ಶಿಲ್ಪದ ಪಕ್ಕದ ಚೀಟಿಯನ್ನು ಕೊನೆಯವರೆಗೂ ಓದಿ. ಯಾರು ಕೊಟ್ಟರು, ಯಾವ ವರ್ಷ ಎಂದಿದ್ದು, ಅದಕ್ಕೂ ಮೊದಲು ಎಲ್ಲಿತ್ತು ಎಂಬುದು ಇಲ್ಲದಿದ್ದರೆ, ಅಲ್ಲಿನ ಸಿಬ್ಬಂದಿಯನ್ನು ಕೇಳಿ, ಬರವಣಿಗೆಯಲ್ಲಿ ಉತ್ತರ ಪಡೆಯಿರಿ.